ತುಣುಕಿನ ತಲೆ, ತುಣುಕಿನ ಬಾಲ

ಕ್ಯಾಮೆರಾದವನ ಹೆಂಡತಿ ದೇವದುರ್ಗದಿಂದ ಫೋನ್ ಮಾಡಿದಾಗ ನಾನು ಕಂಪ್ಯೂಟರಿನ ಮೇಲೆ ಹೊದಿಸಿದ್ದ ಬಟ್ಟೆ ತೆಗೆದು ಮಡಚುತ್ತಿದ್ದೆ. ಬಟ್ಟೆ ತೆಗೆಯುವುದು, ನಾಲ್ಕು ಮಡಿಕೆ ಮಾಡುವುದು, ಕುರ್ಚಿಯ ಬೆನ್ನಿಗೆ ಹಾಕುವುದು ನನ್ನ ದಿನದ ಮೊದಲ ವಿಧಿ. ವಿಧಿ ಮುಗಿಯುವ ತನಕ ಫೋನ್ ಎತ್ತಬಾರದೆಂಬ ನಿಯಮವನ್ನೂ ನಾನೇ ಮಾಡಿಕೊಂಡಿದ್ದೆ. ಆದರೆ ಪರದೆಯ ಮೇಲೆ ಬಂದದ್ದು ಅವನ ಹೆಸರು. ಅವನು ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಆ ನಂಬರನ್ನು ಈಗ ಅವನ ಹೆಂಡತಿ ಇಟ್ಟುಕೊಂಡಿದ್ದಾಳೆಂದು ಗೊತ್ತಿದ್ದರೂ ಹೆಸರು ಬದಲಿಸುವ ಕೆಲಸವನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದಿದ್ದೆ. ವಿಧಿ ಅರ್ಧಕ್ಕೆ ಬಿಟ್ಟು ಫೋನ್ ಎತ್ತಿದೆ.

“ಅಣ್ಣಾರ, ಆರಾಮ ಅದೀರೇನ್ರಿ?”

“ಅದೀನವ್ವ. ನಿಮ್ಮದು?”

“ನಡದದರಿ. ಒಂದು ಮಾತು ಕೇಳೋದಿತ್ತು. ನಮ್ಮ ಅತ್ತಿ ಹಟ ಹಿಡದಾರ, ಇವರ ದನಿ ಕೇಳಬೇಕಂತ.”

ಅವನ ತಾಯಿಗೆ ಕಣ್ಣು ಹೋಗಿ ಎಂಟು ವರ್ಷ. ಗೋಡೆಯ ಮೇಲೆ ಮಗನ ದೊಡ್ಡ ಫೋಟೋ ಇದೆ, ದಿನಾ ಹೂವು ಬದಲಿಸುತ್ತಾರೆ. ಮುದುಕಿಯ ಪಾಲಿಗೆ ಅದು ಗೋಡೆಯೇ.

“ಮೊನ್ನಿ ಕುಂತಲ್ಲೇ ಅಂದ್ರು,” ಎಂದಳು ಅವಳು. “‘ಅಂವ ನನ್ನ ಯವ್ವಾ ಅಂತ ಹ್ಯಾಂಗ ಕರೀತಿದ್ದ ಅನ್ನೋದು ನೆಪ್ಪಿಗೆ ಬರವಲ್ದು. ಯಾವುದರಾಗರ ಅದನೇನು ನೋಡ್ರಿ’ ಅಂತ. ಫೋನಿನಾಗ ಇದ್ದವು, ರಿಪೇರಿಗೆ ಕೊಟ್ಟಾಗ ಎಲ್ಲಾ ಅಳಿಸಿ ಹೋದ್ವು. ಹತ್ತೊಂಬತ್ತು ವರ್ಷ ಇಬ್ಬರೂ ಕೂಡಿ ಮದಿವಿ ವಿಡಿಯೊ ಮಾಡೀರಿ. ಒಂದರಾಗರ ಒಂದು ಮಾತು ಸಿಗಂಗಿಲ್ಲೇನ್ರಿ?”

“ಸಿಗದೇನವ್ವ, ರಾಶಿ ಸಿಗ್ತಾವ. ವರ್ಷದ ದಿನಕ್ಕ ತಂದು ಕೊಡ್ತೀನಿ.”

ಹೀಗೆ ಮಾತು ಕೊಟ್ಟು ಫೋನ್ ಇಟ್ಟೆ. ಹತ್ತೊಂಬತ್ತು ವರ್ಷದ ಮದುವೆಗಳು, ಅಷ್ಟರಲ್ಲೂ ನಿಂತಿದ್ದ ಒಬ್ಬ ಮನುಷ್ಯ, ಅವನ ಒಂದು ಮಾತು. ಇದೇನು ದೊಡ್ಡ ಕೆಲಸ ಎಂದುಕೊಂಡೆ. ಯಾವ ಕೆಲಸ ಎಷ್ಟು ದೊಡ್ಡದೆಂದು ಅಳೆಯುವುದರಲ್ಲಿ ನನ್ನ ಕೈ ಎಂದೂ ಪಳಗಿದ್ದಲ್ಲ.

ನಮ್ಮಿಬ್ಬರ ಕೆಲಸದ ರೀತಿಯನ್ನು ಇಲ್ಲಿ ಹೇಳಬೇಕು. ಮದುವೆಗೆ ಹೋಗಿ ಶೂಟಿಂಗ್ ಮಾಡುವವನು ಅವನು. ರಾಯಚೂರಿನ ಮನೆಯ ಪಡಸಾಲೆಯಲ್ಲಿ ಕೂತು ಕತ್ತರಿಸಿ ಜೋಡಿಸುವವನು ನಾನು. ನಾನು ಬಳಸುವ ಸಾಫ್ಟ್‌ವೇರು ಪುಕ್ಕಟೆ ಸಿಗುವಂಥದ್ದು. ಮನೆಮಂದಿ ಮಕ್ಕಳ ಹುಟ್ಟುಹಬ್ಬದ ವಿಡಿಯೊ ಮಾಡಿಕೊಳ್ಳಲಿ ಎಂದು ಯಾರೋ ಪುಣ್ಯಾತ್ಮರು ಬಿಟ್ಟದ್ದು. ಅದರಲ್ಲಿ ನಾನು ರಾಯಚೂರು, ಮಾನ್ವಿ, ದೇವದುರ್ಗದ ಎಷ್ಟೋ ದಂಪತಿಗಳನ್ನು ದಡ ಮುಟ್ಟಿಸಿದ್ದೇನೆ.

ಕ್ಯಾಮೆರಾದ ಗುಂಡಿ ಒತ್ತಿದಾಗಿನಿಂದ ಮತ್ತೆ ಒತ್ತುವ ತನಕ ಒಂದು ತುಣುಕು. ಪ್ರತಿ ತುಣುಕಿಗೂ ಮುಂದೆ ಕೆಲವು ಸೆಕೆಂಡು, ಹಿಂದೆ ಕೆಲವು ಸೆಕೆಂಡು ಕೆಲಸಕ್ಕೆ ಬಾರದ್ದು ಇರುತ್ತದೆ. ಕ್ಯಾಮೆರಾ ಅಲುಗಾಡುತ್ತದೆ, ಯಾರೋ ಸೆರಗು ಸರಿಮಾಡಿಕೊಳ್ಳುತ್ತಾರೆ, ಯಾರೋ ಬಾಯಿಯೊಳಗಿನದನ್ನು ನುಂಗಿ ಮುಗಿಸುತ್ತಾರೆ. ಮುಂದಿನದಕ್ಕೆ ನಾನು ತಲೆ ಎನ್ನುತ್ತಿದ್ದೆ, ಹಿಂದಿನದಕ್ಕೆ ಬಾಲ. ಸಾಫ್ಟ್‌ವೇರಿನಲ್ಲಿ ತುಣುಕಿನ ಎರಡೂ ತುದಿಗೆ ಒಂದೊಂದು ಹಳದಿ ಹಿಡಿಕೆ ಇರುತ್ತದೆ. ಎಡಗಡೆಯದನ್ನು ಬಲಕ್ಕೆ ಎಳೆದರೆ ತಲೆ ಹೋಯಿತು. ಬಲಗಡೆಯದನ್ನು ಎಡಕ್ಕೆ ಎಳೆದರೆ ಬಾಲ ಹೋಯಿತು. ನಡುವೆ ಉಳಿದದ್ದು ಮದುವೆ.

ಕ್ಯಾಮೆರಾದವನಿಗೆ ಮೊದಲನೇ ವರ್ಷವೇ ನಾನು ಕಟ್ಟಪ್ಪಣೆ ಮಾಡಿದ್ದೆ: “ತಲಿ ಬಾಲದಾಗ ಏನರ ಮಾತಾಡಿಕೊ. ನಡುವ ಮಾತ್ರ ತುಟಿ ಬಿಚ್ಚಬ್ಯಾಡ.” ಅವನು ಅದನ್ನು ಚಾಚೂ ತಪ್ಪದೆ ನಡೆಸಿದ. ಶೂಟಿಂಗಿನಲ್ಲಿ ಅವನಷ್ಟು ಕಟ್ಟುನಿಟ್ಟಿನವನನ್ನು ನಾನು ಕಂಡಿಲ್ಲ.

ನನ್ನ ಕಡೆಯಿಂದ ಎರಡು ಪದ್ಧತಿಗಳಿದ್ದವು. ಒಂದು, ನಾನು ದನಿ ಬಂದ್ ಮಾಡಿಯೇ ಕತ್ತರಿಸುತ್ತಿದ್ದೆ. ಕೊನೆಗೆ ಎಲ್ಲದರ ಮೇಲೂ ವಾಲಗವೋ ಹಾಡೋ ಕೂಡಿಸುವುದೇ ಆದಮೇಲೆ ಮದುವೆಮನೆಯ ಗದ್ದಲವನ್ನು ಎರಡನೇ ಸಲ ಯಾಕೆ ಅನುಭವಿಸಬೇಕು? ಮನೆಯಲ್ಲಿ ಸ್ಪೀಕರನ್ನೇ ಇಟ್ಟಿರಲಿಲ್ಲ. ಎರಡು, ಟ್ರಿಮ್ ಮಾಡಿದ ಮೇಲೆ, ಅಂದರೆ ತಲೆ ಬಾಲ ಕತ್ತರಿಸಿದ ಮೇಲೆ, ಕಂಪ್ಯೂಟರು ಒಂದು ಪ್ರಶ್ನೆ ಕೇಳುತ್ತದೆ: ‘ಸೇವ್’ ಮಾಡಲೋ, ‘ಸೇವ್ ಆಸ್ ಕಾಪಿ’ ಮಾಡಲೋ? ಕಾಪಿ ಎಂದರೆ ಮೂಲ ಹಾಗೇ ಉಳಿದು ಹೊಸದೊಂದು ಹುಟ್ಟುತ್ತದೆ. ಬರೀ ಸೇವ್ ಎಂದರೆ ಮೂಲದ ಮೇಲೆಯೇ ಬರೆದು ಬಿಡುತ್ತದೆ. ತಲೆ ಬಾಲ ಮತ್ತೆ ಸಿಗುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಜಾಗ ಉಳಿಯಲೆಂದು ನಾನು ಬರೀ ಸೇವ್ ಒತ್ತುತ್ತಿದ್ದೆ. ಪ್ರತಿ ಸಲ, ಯೋಚಿಸದೆ, ಒಂದು ಬಗೆಯ ಹೆಮ್ಮೆಯಿಂದ.

ಹಾರ್ಡ್ ಡಿಸ್ಕುಗಳು ಮೂರು. ಉಕ್ಕಿನ ಡಬ್ಬಿಯಲ್ಲಿ, ನುಸಿಗುಳಿಗೆಯ ನಡುವೆ ಇಟ್ಟಿದ್ದೆ. ಹಾರ್ಡ್ ಡಿಸ್ಕಿಗೆ ನುಸಿ ಹಿಡಿಯುವುದಿಲ್ಲವೆಂದು ತಿಳಿದವರು ಹೇಳಿದ್ದರು. ನಾನು ಅವಕಾಶ ಕೊಡಲಿಲ್ಲ. ಮೊದಲನೆಯದನ್ನು ಜೋಡಿಸಿ, ಹೆಂಡತಿಯ ಫೋನಿನ ಇಯರ್‌ಫೋನ್ ಕೇಳಿ ಪಡೆದು ಕಿವಿಗೆ ಸಿಗಿಸಿಕೊಂಡೆ.

“ಇಷ್ಟು ವರ್ಷ ಕಿವುಡರಂಗ ಕುಂತು ಮಂದಿ ಮದಿವಿ ಮಾಡಿದ್ರಿ,” ಎಂದಳು ಅವಳು. “ಈಗ ಕಿವಿ ಮೂಡಿದ್ವೇನು?”

ನಾನು ದನಿ ಏರಿಸಿ ಮೊದಲನೇ ಮದುವೆ ತೆರೆದೆ.

ಮೂರು ದಿನ ಕೇಳಿದೆ. ಮಂತ್ರ ಕೇಳಿಸಿತು, ಅಕ್ಷತೆಗೆ ಅವಸರ ಮಾಡುವವರು ಕೇಳಿಸಿದರು, ಊಟದ ಪಂಕ್ತಿಯಲ್ಲಿ ಸಾರು ಸಾರೆಂದು ಕೂಗುವವರು ಕೇಳಿಸಿದರು. ಅವನು ಮಾತ್ರ ಎಲ್ಲಿಯೂ ಇಲ್ಲ. ನಡುವೆ ತುಟಿ ಬಿಚ್ಚಬೇಡ ಎಂದಿದ್ದೆನಲ್ಲ, ಬಿಚ್ಚಿಲ್ಲ. ಅವನು ಮಾತಾಡಿದ್ದೆಲ್ಲ ತಲೆಯಲ್ಲಿ ಮತ್ತು ಬಾಲದಲ್ಲಿ, ಮತ್ತು ಅವೆರಡನ್ನೂ ನಾನು ಕೈಯಾರೆ ಅಳಿಸಿದ್ದೆ. ಅದಕ್ಕೂ ಹಿಂದಿನ ಕ್ಯಾಸೆಟ್ಟುಗಳ ಕಾಲದ್ದೋ, ಒಂದರ ಮೇಲೊಂದು ಮದುವೆ ತುಂಬಿ ಸವೆದು ಹೋಗಿತ್ತು.

ನಾಲ್ಕನೇ ದಿನ ಒಂದು ಆಸೆ ಹುಟ್ಟಿತು. ಮೊದಮೊದಲು ನಾನು ನೇರ ಸೇವ್ ಮಾಡದೆ ಪ್ರಾಜೆಕ್ಟ್ ಎಂದು ಉಳಿಸಿಡುತ್ತಿದ್ದೆ. ಆ ಕಾಲದ ಮೂವತ್ತು ಪ್ರಾಜೆಕ್ಟ್ ಫೈಲುಗಳು ಎರಡನೇ ಡಿಸ್ಕಿನಲ್ಲಿ ಸಾಲಾಗಿ ನಿಂತಿದ್ದವು. ಪ್ರಾಜೆಕ್ಟಿನಲ್ಲಿ ಕತ್ತರಿಸಿದ್ದು ನಿಜವಾಗಿ ಕತ್ತರಿಸಿದ್ದಲ್ಲ, ಹಿಡಿಕೆಯನ್ನು ಹೊರಕ್ಕೆ ಎಳೆದರೆ ತಲೆಯೂ ಬಾಲವೂ ತಿರುಗಿ ಬರುತ್ತವೆ. ಮೊದಲನೆಯದನ್ನು ತೆರೆದೆ. ಸಾಲಾಗಿ ಕಪ್ಪು ಚೌಕಗಳು ಬಂದವು, ಪ್ರತಿಯೊಂದರ ಮೇಲೆ ಹಳದಿ ತ್ರಿಕೋನ. ಪ್ರಾಜೆಕ್ಟ್ ಫೈಲಿನಲ್ಲಿ ವಿಡಿಯೊ ಇರುವುದಿಲ್ಲ. ಯಾವ ವಿಡಿಯೊವನ್ನು ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕೆಂಬ ಚೀಟಿ ಮಾತ್ರ ಇರುತ್ತದೆ. ಮೂಲವನ್ನು ನಾನು ಎಂದೋ ಅಳಿಸಿ ಜಾಗ ಮಾಡಿದ್ದೆ. ಮೂವತ್ತಕ್ಕೆ ಮೂವತ್ತೂ ಅದೇ ಕಥೆ. ಕತ್ತರಿಸಿದ್ದಕ್ಕೆ ಚೀಟಿ ಇತ್ತು. ಕತ್ತರಿಸಿಕೊಂಡವನು ಇರಲಿಲ್ಲ.

ಅಂದು ಮಧ್ಯಾಹ್ನ ಕರೆಂಟು ಹೋಯಿತು. ಬಿಸಿಲು ಗೋಡೆಯೊಳಗೇ ಬಂದು ಕೂತಂಥ ಹೊತ್ತು. ತಣ್ಣನೆಯ ನೆಲದ ಮೇಲೆ ಕೂತು, ದೇವದುರ್ಗಕ್ಕೆ ಫೋನ್ ಮಾಡಿ ಇಲ್ಲವೆನ್ನಲು ಮಾತು ಜೋಡಿಸುತ್ತಿದ್ದೆ. ಆಗ ನೆನಪಾದದ್ದು ಮಾನ್ವಿಯ ಅಕ್ಕಿ ಗಿರಣಿಯ ಸಾವಕಾರರು.

ಕ್ಯಾಮೆರಾದವನು ತೀರಿಕೊಳ್ಳುವ ಎಂಟು ತಿಂಗಳ ಮುಂಚೆ ಅವರ ಮಗಳ ಮದುವೆಯ ವಿಡಿಯೊ ಮಾಡಿದ್ದೆವು. ಮೂರು ತಾಸಿನ ಸಿನಿಮಾ ಸಿದ್ಧಮಾಡಿ ಒಯ್ದು ಕೊಟ್ಟಾಗ ಅವರು ಕೇಳಿದ ಪ್ರಶ್ನೆ ನನ್ನ ವೃತ್ತಿಯಲ್ಲಿ ಮತ್ತಾರೂ ಕೇಳಿದ್ದಲ್ಲ.

“ಉಳಿದಿದ್ದು ಎಲ್ಲಿ?”

“ಉಳಿದಿದ್ದು ಅಂದ್ರ?”

“ನೀವು ಮಾಡಿದ್ದು ಅಕ್ಕಿ. ನುಚ್ಚು ಎಲ್ಲಿ, ತೌಡು ಎಲ್ಲಿ? ನೆಲ್ಲು ನಂದಂದ ಮ್ಯಾಲ ಅವೂ ನಂದ ಅಲ್ಲೇನ್ರಿ?”

ಹುಟ್ಟಿದಾಗಿನಿಂದ ಗಿರಣಿಯ ಸದ್ದು ಕೇಳಿದ ಮನುಷ್ಯ. ತೌಡನ್ನು ಬಿಟ್ಟುಕೊಡುವವರ ಪೈಕಿ ಅಲ್ಲ. ಪುಣ್ಯಕ್ಕೆ ಆ ಮದುವೆಯ ಮೆಮೊರಿ ಕಾರ್ಡನ್ನು ನಾನಿನ್ನೂ ಅಳಿಸಿರಲಿಲ್ಲ. ಕ್ಯಾಮೆರಾದಿಂದ ಬಂದದ್ದನ್ನು ಬಂದ ಹಾಗೆಯೇ ಒಂದು ಪೆನ್ ಡ್ರೈವಿಗೆ ತುಂಬಿ, ಮನಸ್ಸಿನಲ್ಲಿ ನಗುತ್ತ, ಅವರ ಕೈಗೆ ಕೊಟ್ಟಿದ್ದೆ.

ಮರುದಿನ ಬೆಳಿಗ್ಗೆ ಕಲ್ಲೂರಿನ ಮೇಲಿನಿಂದ ಹೋಗುವ ಬಸ್ಸು ಹತ್ತಿ ಮಾನ್ವಿಯಲ್ಲಿ ಇಳಿದೆ. ಸಾವಕಾರರು ಗಿರಣಿಯ ಆಫೀಸಿನಲ್ಲಿ, ಹಣೆಯ ತುಂಬ ವಿಭೂತಿ, ತಲೆಗೆ ಬಿಳಿ ಟೋಪಿ ಹಾಕಿಕೊಂಡು ಕೂತಿದ್ದರು. ವಿಷಯ ಹೇಳಿದೆ. ಅವರು ಮುಂದಿದ್ದ ಲೆಕ್ಕದ ಪುಸ್ತಕ ಮುಚ್ಚಿದರು.

“ಅಂವ ಹೋದನೇನ್ರಿ? ನನಗ ಗೊತ್ತ ಇಲ್ಲ.” ಎದ್ದು ತಿಜೋರಿ ತೆಗೆದರು. “ಕೊಡ್ತೀನಿ. ಆದ್ರ ಇದು ಇಲ್ಲಿಂದ ಹೊರಗ ಹೋಗಂಗಿಲ್ಲ. ಬೇಕಾದ್ದು ಇಲ್ಲೇ ಕುಂತು ಇಳಿಸಿಕೊರಿ.”

ಪೆನ್ ಡ್ರೈವು ಜಮೀನಿನ ಕಾಗದಗಳ ಜೊತೆ, ರೇಷ್ಮೆ ಚೀಲದಲ್ಲಿ ಇತ್ತು. ಸಾವಕಾರರು ಹೊರಗೆ ತೆಗೆದರು. ಅದು ಕೆಂಪಾಗಿತ್ತು. ದೀಪಾವಳಿಯ ಲಕ್ಷ್ಮೀಪೂಜೆಗೆ ತಿಜೋರಿಯಲ್ಲಿದ್ದ ಪ್ರತಿಯೊಂದಕ್ಕೂ ಕುಂಕುಮ, ಅರಿಶಿನ ಹಚ್ಚುವುದು ಅವರ ಮನೆತನದ ಪದ್ಧತಿ. ಪೆನ್ ಡ್ರೈವು ಎರಡು ದೀಪಾವಳಿ ಕಂಡಿತ್ತು, ಮತ್ತು ಭಕ್ತಿಯಿಂದ ಪೂಜೆ ಮಾಡಿದವರು ಮುಚ್ಚಳ ತೆಗೆದೇ ಹಚ್ಚಿದ್ದರು.

ಗುಮಾಸ್ತ ಅದನ್ನು ಆಫೀಸಿನ ಕಂಪ್ಯೂಟರಿಗೆ ಚುಚ್ಚಿದ. ಕಂಪ್ಯೂಟರು ಸ್ವಲ್ಪ ಯೋಚಿಸಿ, ಈ ಡಿಸ್ಕನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳಿತು. ಫಾರ್ಮ್ಯಾಟ್ ಎಂದರೆ ಇದ್ದದ್ದೆಲ್ಲ ಒರೆಸಿ ಹಾಕುವುದು.

“ಹೂಂ ಅಂತೀನ್ರಿ,” ಎಂದು ಗುಮಾಸ್ತ ಬೆರಳು ಎತ್ತಿದ.

ನಾನು ಅವನ ಮಣಿಕಟ್ಟು ಹಿಡಿದೆ. ಹತ್ತೊಂಬತ್ತು ವರ್ಷ ಕಂಪ್ಯೂಟರು ಕೇಳಿದ ಪ್ರಶ್ನೆಗೆಲ್ಲ ಹೂಂ ಎನ್ನುತ್ತ ಬಂದವನು ನಾನು. ಬೇರೆಯವನೊಬ್ಬ ಹಾಗೆ ಹೂಂ ಎನ್ನಲು ಹೊರಟಾಗ ಎಷ್ಟು ಭಯವಾಗುತ್ತದೆಂದು ಆಗ ತಿಳಿಯಿತು.

ಪೆನ್ಸಿಲ್ ಅಳಿಸುವ ರಬ್ಬರ್ ತರಿಸಿ, ಸಣ್ಣಗೆ ಕತ್ತರಿಸಿ, ಲೋಹದ ತುದಿಯೊಳಗೆ ಇಳಿಸಿ ಮೆಲ್ಲಗೆ ತಿಕ್ಕಿದೆ. ಕೆಂಪು ಪುಡಿ ಉದುರಿತು. ಒಣ ಹತ್ತಿಯಿಂದ ಒರೆಸಿದೆ. ಮತ್ತೆ ಚುಚ್ಚಿದರೆ ಮತ್ತದೇ ಪ್ರಶ್ನೆ. ಮತ್ತೆ ತಿಕ್ಕಿದೆ. ಮೂರನೇ ಸಲ ಕಂಪ್ಯೂಟರು ಏನೂ ಕೇಳದೆ ನಾನೂರಕ್ಕೂ ಹೆಚ್ಚು ತುಣುಕುಗಳ ಪಟ್ಟಿಯನ್ನು ಬಿಚ್ಚಿಟ್ಟಿತು. ತಲೆಯೂ ಬಾಲವೂ ಇದ್ದ ತುಣುಕುಗಳು.

ಸಾವಕಾರರು ಒಂದನ್ನು ಹಾಕಿ ತೋರಿಸಿ ಎಂದರು. ಕಣ್ಣಿಗೆ ಸಿಕ್ಕಿದ್ದನ್ನು ಒತ್ತಿದೆ. ಪರದೆಯ ಮೇಲೆ ಅವರೇ, ಮಂಟಪದ ಪಕ್ಕ ಕೈಕಟ್ಟಿ ನಿಂತಿದ್ದಾರೆ. ಆಮೇಲೆ, ಕ್ಯಾಮೆರಾಕ್ಕೆ ತೀರ ಹತ್ತಿರದಿಂದ, ಹನ್ನೊಂದು ತಿಂಗಳಿಂದ ಕೇಳದ ದನಿ:

“ಸಾವಕಾರ್ರ, ಮದಿವಿ ನಿಮ್ಮ ಮಗಳದು. ನೀವ್ಯಾಕ ನೆಲ್ಲಿನ ರೇಟು ಬಿದ್ದಂಗ ನಿಂತೀರಿ?”

ಪರದೆಯ ಮೇಲಿನ ಸಾವಕಾರರು ನಕ್ಕರು. ಕುರ್ಚಿಯಲ್ಲಿದ್ದ ಸಾವಕಾರರೂ ನಕ್ಕರು, ಆಮೇಲೆ ಟೋಪಿ ತೆಗೆದು ಮೇಜಿನ ಮೇಲಿಟ್ಟು, ಕಿಟಕಿಯ ಕಡೆ ತಿರುಗಿದರು.

“ನನ್ನ ನಗಿಸಿದಂವ ಅವತ್ತು ಅಂವ ಒಬ್ಬನ,” ಎಂದರು. “ಇಳಿಸಿಕೊರಿ. ಎಲ್ಲಾ ಇಳಿಸಿಕೊರಿ. ಅರ್ಧಂಬರ್ಧ ಒಯ್ಯಬ್ಯಾಡ್ರಿ.”

ನಾನು ತಂದಿದ್ದ ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ಇಳಿಸಿಕೊಂಡು ಸಂಜೆಯ ಬಸ್ಸಿಗೆ ರಾಯಚೂರಿಗೆ ಬಂದೆ.

ಮುಂದಿನ ಒಂದು ವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಕೇಳಿದೆ. ಈ ಸಲ ನಡುಭಾಗವನ್ನು ದಾಟಿಸಿ ತಲೆ ಬಾಲಗಳನ್ನೇ ಕೇಳುವುದು. ನಾನೂರು ತುಣುಕು, ಎಂಟುನೂರು ತುದಿ. ಅವನು ಅಜ್ಜಿಯರನ್ನು ಮಾತಾಡಿಸುತ್ತಿದ್ದ, ಮದುಮಗನಿಗೆ ಪೇಟ ಸರಿಮಾಡಿಸುತ್ತಿದ್ದ, ಮಕ್ಕಳನ್ನು ಗದರುತ್ತಿದ್ದ. ಮೂರನೇ ದಿನ, ಮದುಮಗಳ ಅಜ್ಜಿಯ ತುಣುಕಿನ ತಲೆಯಲ್ಲಿ, ಮುದುಕಿ ಕೇಳಿದ ಮಾತು ಸಿಕ್ಕಿತು: “ಯವ್ವಾ, ಸೆರಗ ಸರಿ ಮಾಡಿಕೊಬೇ. ಹಂಗ. ಈಗ ಚಂದ.” ಯವ್ವಾ ಎನ್ನುವಾಗ ‘ವಾ’ ಅನ್ನು ಒಂದಿಷ್ಟು ಎಳೆದು, ಕೊನೆಗೆ ಕೆಳಗಿಳಿಸುತ್ತಿದ್ದ. ನನಗೂ ಮರೆತು ಹೋಗಿತ್ತು.

ಅಷ್ಟಕ್ಕೆ ಕೆಲಸ ಮುಗಿದಿತ್ತು. ಆದರೆ ಸಾವಕಾರರ ಮಾತಿನಂತೆ ಅರ್ಧಕ್ಕೆ ಬಿಡಬಾರದೆಂದು ಕೊನೆಯ ತನಕ ಕೇಳುತ್ತ ಹೋದೆ. ಆಗ ತಿಳಿದದ್ದು, ಬಾಲಗಳಲ್ಲಿ ಅವನು ಮಾತಾಡುತ್ತಿದ್ದದ್ದು ನನ್ನ ಜೊತೆ.

“ಮಾಸ್ತರ, ಇದರ ಬಾಲ ಉದ್ದ ಆತು, ಹಿಡಿದು ಕತ್ತರಿಸ್ರಿ.”

“ಮಾಸ್ತರ, ಈ ಹಸಿರು ಕೋಟಿನಾಂವ ಎಲ್ಲಾದರಾಗೂ ಬರಾಕತ್ತಾನ. ಅಂವನ್ನ ತಗದ್ರ ಮದಿವಿನ ಉಳಿಯಂಗಿಲ್ಲ.”

“ಮಾಸ್ತರ, ಹೋಳಿಗಿ ಮುಗದ್ವಂತ. ನಿಮ್ಮ ಪಾಲಿಂದು ನಾ ತಿಂದೀನಿ, ತಿಳೀಲಿ.”

ನಾನು ಯಾವ ಶಾಲೆಯ ಮಾಸ್ತರನೂ ಅಲ್ಲ. ಕನ್ನಡಕ ಹಾಕಿಕೊಂಡು ತಪ್ಪು ಹುಡುಕುತ್ತೇನೆಂದು ಅವನಿಟ್ಟ ಹೆಸರದು. ಬಾಲ ಕತ್ತರಿಸಬೇಕಾದರೆ ನಾನು ಅದನ್ನು ನೋಡಲೇಬೇಕು, ನೋಡುವವನು ಕೇಳುತ್ತಾನೆ ಎಂದು ಅವನ ಲೆಕ್ಕ. ದನಿ ಬಂದ್ ಮಾಡಿ ಕೂರುತ್ತೇನೆಂದು ನಾನು ಹೇಳಿರಲಿಲ್ಲ. ಪ್ರತಿ ಮದುವೆಯ ನಂತರ ಖಾಲಿ ಕಾರ್ಡು ಒಯ್ಯಲು ಬಂದಾಗ ಅವನು ಚಹಾ ಕುಡಿಯುತ್ತ ಕೇಳುತ್ತಿದ್ದ, “ಎಲ್ಲಾ ಕೇಳಿದ್ರೇನ್ರಿ ಮಾಸ್ತರ?” ಶೂಟಿಂಗ್ ಹೇಗಿದೆ ಎಂದು ಕೇಳುತ್ತಿದ್ದಾನೆಂದುಕೊಂಡು ನಾನು “ಹೂಂ, ಕೇಳಿದೆ, ಚಲೋ ಅದ” ಎನ್ನುತ್ತಿದ್ದೆ. ಅವನು ನಗುತ್ತಿದ್ದ. ಯಾಕೆ ನಗುತ್ತಿದ್ದಾನೆಂದು ನಾನು ಒಮ್ಮೆಯೂ ಕೇಳಲಿಲ್ಲ.

ತಾಳಿ ಕಟ್ಟುವುದಕ್ಕೆ ಮುಂಚಿನ ತುಣುಕಿನ ಬಾಲದಲ್ಲಿ ಇದು ಇತ್ತು:

“ಮಾಸ್ತರ, ಎಡಗೈ ಜೋಮು ಹಿಡದದ. ಹೋದ ಮದಿವ್ಯಾಗೂ ಹೇಳಿದ್ದೆ, ಟ್ರೈಪಾಡ್ ಕಳಿಸ್ರಿ ಅಂತ. ಇರಲಿ. ತಾಳಿ ಮುಗೀಲಿ, ಕುಂದರ್ತೀನಿ.”

ಕ್ಯಾಮೆರಾ ಹೊರುವ ಆ ಮೂರು ಕಾಲಿನ ಟ್ರೈಪಾಡು ಆ ಹೊತ್ತಿನಲ್ಲಿ ನಮ್ಮ ಮನೆಯ ಬಾಗಿಲ ಹಿಂದೆಯೇ ನಿಂತಿತ್ತು. ಈಗಲೂ ಅಲ್ಲೇ ಇದೆ. ಅದರ ಮೇಲೆ ಟವೆಲ್ಲು ಒಣಗುತ್ತದೆ. ಅವನು ಹೋದದ್ದು ಎದೆಯ ಕಾಯಿಲೆಯಿಂದ, ಮನೆಯಲ್ಲಿ, ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ. ಆ ಜೋಮು ಕ್ಯಾಮೆರಾದ ಭಾರದ್ದೋ, ಒಳಗಿನದ್ದೋ ಹೇಳಲು ನಾನು ಡಾಕ್ಟರಲ್ಲ. ಅದನ್ನು ನಾನು ಕೇಳಿದ್ದರೆ ಏನಾಗುತ್ತಿತ್ತೆಂದೂ ಗೊತ್ತಿಲ್ಲ. ಟ್ರೈಪಾಡಂತೂ ಹೋಗುತ್ತಿತ್ತು.

ಇಯರ್‌ಫೋನ್ ತೆಗೆದಿಟ್ಟು ಕಂಪ್ಯೂಟರಿಗೆ ಬಟ್ಟೆ ಹೊದಿಸಿದೆ. ಎರಡು ದಿನ ತೆಗೆಯಲಿಲ್ಲ.

ಮೂರನೇ ದಿನ ಕೂತು ಒಂಬತ್ತು ನಿಮಿಷದ ಒಂದು ವಿಡಿಯೊ ಮಾಡಿದೆ. ಒಳ್ಳೆಯ ಮಾತುಗಳನ್ನೆಲ್ಲ ಆರಿಸಿ ಸಾಲಾಗಿ ಜೋಡಿಸಿದೆ, ಜೋಮಿನ ಮಾತು ತೆಗೆದೆ. ಮಾತು ಮುಗಿದ ಕೂಡಲೇ ಬಾಲ ಕತ್ತರಿಸಿದೆ. ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆಯುವ ಒಂದು ಗುಂಡಿ ಇದೆ. ಅದನ್ನು ಕೊನೆಯ ತನಕ ಏರಿಸಿ ಗಾಳಿ, ಗುಂಯ್‌ಗುಡುವಿಕೆ, ಸುಯ್ಯಲು ಎಲ್ಲವನ್ನೂ ಬಳಿದು ಹಾಕಿದೆ. ದನಿ ತೊಳೆದ ಗಾಜಿನ ಹಾಗೆ ಬಂತು. ಉಳಿಸುವಾಗ ಕಂಪ್ಯೂಟರು ಎಂದಿನ ಪ್ರಶ್ನೆ ಕೇಳಿತು. ಈ ಸಲ ‘ಸೇವ್ ಆಸ್ ಕಾಪಿ’ ಒತ್ತಿದೆ. ಹೀಗೆ ನನ್ನದೊಂದು ಪೆನ್ ಡ್ರೈವಿನಲ್ಲಿ ಎರಡು ಫೈಲುಗಳಾದವು: ಒಂದು ತೊಳೆದದ್ದು, ಇನ್ನೊಂದು ಅವೇ ತುಣುಕುಗಳು ತಲೆ ಬಾಲ ಸಮೇತ, ಜೋಮಿನದೂ ಸೇರಿ, ಇದ್ದದ್ದು ಇದ್ದ ಹಾಗೆ. ಎರಡನೆಯದನ್ನು ಯಾರಿಗೂ ತೋರಿಸುವ ವಿಚಾರವಿರಲಿಲ್ಲ. ಇನ್ನೊಮ್ಮೆ ಅಳಿಸುವ ಧೈರ್ಯ ಇರಲಿಲ್ಲ, ಅಷ್ಟೆ.

ವರ್ಷದ ದಿನಕ್ಕೆ ಒಂದು ದಿನ ಮೊದಲು ದೇವದುರ್ಗಕ್ಕೆ ಹೋದೆ. ಗಬ್ಬೂರಿನಲ್ಲಿ ಬಸ್ಸು ಹೆಚ್ಚು ಹೊತ್ತು ನಿಂತಿದ್ದರಿಂದ ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ಮನೆಯಲ್ಲಿ ನಾಳೆಯ ಅಡುಗೆಗೆ ಅಕ್ಕಿ ಹಸನು ಮಾಡುತ್ತಿದ್ದರು. ಅವನ ತಾಯಿ ಪಡಸಾಲೆಯಲ್ಲಿ, ಟಿವಿಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು.

“ಯವ್ವಾ, ನಾನು. ರಾಯಚೂರಿನಾಂವ.”

“ಮಾಸ್ತರ. ಬರ್ರಿ. ಕನ್ನಡಕ ಒರಸೋ ಸಪ್ಪಳದಾಗ ಗೊತ್ತಾತು.”

ಪೆನ್ ಡ್ರೈವನ್ನು ಟಿವಿಯ ಹಿಂದೆ ಚುಚ್ಚಿ ರಿಮೋಟು ಹಿಡಿದು ಕೂತೆ. ಅವನ ಹೆಂಡತಿ ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಮೊದಲನೇ ಫೈಲು ಹಾಕಿದೆ.

“ಯವ್ವಾ, ಸೆರಗ ಸರಿ ಮಾಡಿಕೊಬೇ.”

ಮುದುಕಿಯ ಕೈ ತನ್ನ ಸೆರಗಿಗೆ ಹೋಯಿತು. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಂಬತ್ತು ನಿಮಿಷವೂ ಮುದುಕಿ ಅಲುಗದೆ ಕೇಳಿದಳು. ಮುಗಿದ ಮೇಲೆ ನಾನು ಒಳ್ಳೆಯ ಮಾತೊಂದು ಬರುತ್ತದೆಂದು ಕಾಯುತ್ತ ಕೂತಿದ್ದೆ; ಹತ್ತೊಂಬತ್ತು ವರ್ಷದ ಚಟ, ಸುಲಭಕ್ಕೆ ಹೋಗುವುದಿಲ್ಲ.

“ದನಿ ಅವಂದ,” ಎಂದಳು. “ಉಸುರು ಎಲ್ಲೆದ ಮಾಸ್ತರ?” ಎಂದು ಕೇಳಿದಳು.

“ಉಸುರು?”

“ಅಂವಗ ಸಣ್ಣಾಂವ ಇದ್ದಾಗಿಂದ ಮೂಗು ಸಿಳ್ಳಿ ಹೊಡದಂಗ ಆಗತಿತ್ತು. ಬಾಗಿಲದಾಗ ಬಂದು ನಿಂತ್ರ ಮಾತಾಡೋಕಿಂತ ಮೊದಲ ನನಗ ಗೊತ್ತಾಗತಿತ್ತು, ಅಂವ ಬಂದ ಅಂತ. ಇದರಾಗ ಅದು ಇಲ್ಲ. ಯಾರೋ ಅವನಂಗ ಮಾತಾಡಿದಂಗ ಅದ.”

ನಾನು ಸುಯ್ಯಲು ಎಂದು ಬಳಿದು ಹಾಕಿದ್ದು ಅದನ್ನೇ.

ಸೊಸೆ ಟಿವಿಯ ಪರದೆ ನೋಡುತ್ತಿದ್ದಳು. “ಇನ್ನೊಂದು ತೋರಸಾಕತ್ತದಲ್ರೀ ಅಣ್ಣಾರ. ಅದೇನು?”

“ಅದು ಕತ್ತರಿಸಲಾರದ್ದು.”

“ಅದನ್ನ ಹಾಕ್ರಿ ಮತ್ತ.”

ರಿಮೋಟು ನನ್ನ ಕೈಯಲ್ಲಿತ್ತು. ತೆಗೆದು ಜೇಬಿಗೆ ಹಾಕಿಕೊಂಡು, ಆ ಫೈಲು ಕೆಟ್ಟಿದೆ, ಟಿವಿ ಅದನ್ನು ಓದುವುದಿಲ್ಲ ಎಂದಿದ್ದರೆ ಇಬ್ಬರೂ ನಂಬುತ್ತಿದ್ದರು. ಈ ವಿಷಯದಲ್ಲಿ ನನ್ನ ಮಾತನ್ನು ದೇವದುರ್ಗದಲ್ಲಿ ಯಾರೂ ಪ್ರಶ್ನಿಸುವುದಿಲ್ಲ.

“ತಂಗೀ,” ಎಂದೆ, “ಅದರಾಗ ಒಂದು ಮಾತು ಅದ. ಅಂವ ನನಗ ಹೇಳಿದ್ದು. ನಾ ದನಿ ಬಂದ್ ಮಾಡಿ ಕೆಲಸ ಮಾಡತಿದ್ದೆ. ಕೇಳಲಿಲ್ಲ. ಕೇಳಬೇಕಿತ್ತು.”

ಮುದುಕಿ, “ಹಾಕಪ್ಪ,” ಎಂದಳು. “ಅಂವ ಅಂದಿದ್ದನ್ನ ನೀ ಯಾಕ ಹೊತಕೊಂಡು ತಿರಗ್ತಿ?” ಆ ತನಕ ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು ಆಗ ಮೊದಲ ಸಲ ಏಕವಚನಕ್ಕೆ ಇಳಿದಳು.

ಹಾಕಿದೆ. ಮದುವೆಮನೆಯ ಗದ್ದಲ ಪಡಸಾಲೆಯ ತುಂಬ ನುಗ್ಗಿತು. ಅದರ ಹಿಂದೆ, ಕ್ಯಾಮೆರಾಕ್ಕೆ ಒತ್ತಿಕೊಂಡ ಹಾಗೆ, ಸಣ್ಣ ಸಿಳ್ಳು ಬೆರೆತ ಉಸಿರು. ಮುದುಕಿ ಕೈ ಚಾಚಿ ಟಿವಿಯ ಮೇಜನ್ನು ಹಿಡಿದುಕೊಂಡಳು.

ಹಸಿರು ಕೋಟಿನವನು ಬಂದು ಹೋದ. ಹೋಳಿಗೆ ಮುಗಿದವು. ಸೊಸೆ ಮೊದಲ ಸಲ ನಕ್ಕಳು. ಆಮೇಲೆ ಆ ತುಣುಕು ಬಂತು. ಎಡಗೈ ಜೋಮು ಹಿಡದದ. ಟ್ರೈಪಾಡ್ ಕಳಿಸ್ರಿ. ಇರಲಿ.

ನಾನು ನೆಲ ನೋಡುತ್ತಿದ್ದೆ.

“ನನಗೂ ಹೇಳಿದ್ದ,” ಎಂದಳು ತಾಯಿ. “ಎಣ್ಣಿ ಕಾಸಿ ತಿಕ್ಕಿದೆ. ಕ್ಯಾಮೆರಾದ ಭಾರ ಅಂದೆ.”

“ನನಗೂ ಹೇಳಿದ್ರು,” ಎಂದಳು ಹೆಂಡತಿ. “ದವಾಖಾನಿಗೆ ಹೋಗೂಣು ಅಂದೆ. ಸೀಜನ್ ಮುಗೀಲಿ ಅಂದ್ರು.”

ಒಂದೇ ಮಾತನ್ನು ಅವನು ಮೂರು ಜನಕ್ಕೆ ಹೇಳಿದ್ದ. ಇಬ್ಬರು ಕೇಳಿದ್ದರು.

ವಿಡಿಯೊ ನಡೆಯುತ್ತಲೇ ಇತ್ತು. ಕೊನೆಯ ತುಣುಕು ಊಟದ ಪಂಕ್ತಿಯದು. ಎಲೆಗಳ ಸಾಲು ದೂರದವರೆಗೆ ಹೋಗಿ, ಕ್ಯಾಮೆರಾ ಮೆಲ್ಲಗೆ ಕೆಳಗಿಳಿದು ನೆಲವನ್ನು ತೋರಿಸಿತು. ಮಾನ್ವಿಯ ಆ ಕಲ್ಯಾಣ ಮಂಟಪದ ಬಿಳಿ ಹಾಸುಗಲ್ಲು, ಅವನ ಚಪ್ಪಲಿಯ ತುದಿ.

“ಮಾಸ್ತರ, ಊಟ ಆತೇನ್ರಿ?”

ಆಮೇಲೆ ಮಾತಿಲ್ಲ. ನಾಲ್ಕು ಸೆಕೆಂಡು ಬರೀ ನೆಲ, ಬರೀ ಉಸಿರು. ಗುಂಡಿ ಒತ್ತುವ ಮೊದಲು ಅವನು ಯಾಕೆ ನಿಂತನೋ ಗೊತ್ತಿಲ್ಲ, ಆಯಾಸಕ್ಕಿರಬಹುದು. ತೊಳೆದ ಪ್ರತಿಯಲ್ಲಿ ನಾನು ಈ ನಾಲ್ಕು ಸೆಕೆಂಡನ್ನು ಮೊದಲೇ ಎಳೆದು ಹಾಕಿದ್ದೆ. ಟಿವಿ ಕಪ್ಪಾಯಿತು.

“ಅದನ್ನ ಇನ್ನೊಮ್ಮಿ ಹಚ್ಚಪ್ಪ. ಕಡೀದು.”

ಹಿಂದಕ್ಕೆ ಎಳೆದು ಮತ್ತೆ ಹಾಕಿದೆ. ಊಟ ಆತೇನ್ರಿ. ಉಸಿರು. ಕಪ್ಪು. ಇನ್ನೊಮ್ಮೆ ಎಂದಳು. ಮೂರನೇ ಸಲ ಆ ಪ್ರಶ್ನೆ ಮುಗಿದು, ಉಸಿರು ಶುರುವಾದ ಕೂಡಲೇ, ಮುದುಕಿ ನನ್ನ ಕಡೆ ಮುಖ ತಿರುಗಿಸಿದಳು.

“ಕೇಳಾಕತ್ತಾನಲ್ಲ. ಹೇಳಪ್ಪ.”

“ಇಲ್ಲೋ,” ಎಂದೆ ನಾನು, ಟಿವಿಯ ಕಡೆ ನೋಡುತ್ತ. “ಇನ್ನೂ ಆಗಿಲ್ಲ.”

ಮುದುಕಿ ಸೊಸೆಯ ಕಡೆ ತಿರುಗಿದಳು. “ಕೇಳಿದೇನವ್ವ? ಮಾಸ್ತರಿಗೆ ತಾಟು ಹಾಕು.”